ಹಳೆ ಟ್ರ್ಯಾಕ್ಟರಿಗೆ ಹೊಸ ಭಾಗ: ಅಂಗಳದಲ್ಲಿ ಮಾಡುವುದೆಷ್ಟು, ಬಿಡುವುದೆಷ್ಟು

ತಡಸ, ಶಿಗ್ಗಾವಿ, ಬಂಕಾಪುರ ಕಡೆ ಹೊಲಕ್ಕ ಹೋದರೆ ಈಗಲೂ ಹಳೆಯ ಮ್ಯಾಸಿ 1035, ಎಚ್‌ಎಂಟಿ, ಐಷರ್ ಗಾಡಿಗಳ ಸಪ್ಪಳ ಕೇಳಿಸುತ್ತದೆ. ನಾಲ್ಕೈದು ಎಕರೆ ಮಳೆಯಾಶ್ರಿತ ಹೊಲ ಇದ್ದವನಿಗೆ ಹೊಸ ಟ್ರ್ಯಾಕ್ಟರಿನ ಸಾಲದ ಕಂತು ಹೊಂದುವುದಿಲ್ಲ. ಒಂದು ವರ್ಷ ಮಳೆ ಕೈಕೊಟ್ಟರೆ ಕಂತು ಕಟ್ಟಲಿಕ್ಕೆ ಹೊಲವನ್ನೇ ನೋಡಬೇಕಾಗುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹಳೆ ಗಾಡಿ ತಂದು, ಅದನ್ನೇ ಸುಧಾರಿಸಿಕೊಂಡು ಹೋಗುವವರೇ ಹೆಚ್ಚು. ಅದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ. ಬೀಡಿನ ಗಟ್ಟಿ ಮೈ, ಲೆಕ್ಕದ ನಾಲ್ಕು ವೈರು, ಒಂದು ಪಾನಾ ಸೆಟ್ಟು ಇದ್ದರೆ ಬಿಚ್ಚಬಹುದಾದ ಕೀಲುಗಳು. ಇಂಥ ಗಾಡಿ ಇನ್ನು ಮುಂದೆ ಯಾರೂ ಮಾಡುವುದಿಲ್ಲ.

ಆದರೆ ಈ ಗಾಡಿಗಳನ್ನು ಮಾಡಿದಾಗ ಇದ್ದ ಕೆಲಸ ಬೇರೆ, ಈಗಿನ ಕೆಲಸ ಬೇರೆ. ಆಗ ರಂಟಿ ಹೊಡೆದು, ಕುಂಟಿ ಹೊಡೆದು, ಸಂತೆಗೆ ನಾಲ್ಕು ಚೀಲ ಒಯ್ದರೆ ಮುಗಿಯಿತು. ಈಗ ಅದೇ ಗಾಡಿಗೆ ರೋಟಾವೇಟರ್ ಹಚ್ಚುತ್ತೇವೆ, ಗೋವಿನಜೋಳದ ರಾಶಿ ಮಷಿನ್ ಹಚ್ಚುತ್ತೇವೆ, ತುಂಬಿದ ಟ್ರೇಲರ್ ಕಟ್ಟಿಕೊಂಡು ಪುಣೆ-ಬೆಂಗಳೂರು ಹೆದ್ದಾರಿ ದಾಟುತ್ತೇವೆ. ಆದ್ದರಿಂದ ಯಾವ ಭಾಗ ಮೊದಲು ಬದಲಿಸಬೇಕು, ಯಾವುದು ಮನೆಯಲ್ಲಿ ಆಗುತ್ತದೆ, ಯಾವುದಕ್ಕೆ ಕೈ ಹಚ್ಚಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ. 1035 ಗಾಡಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. ಬೇರೆ ಗಾಡಿ ಇದ್ದವರಿಗೂ ದಾರಿ ಇದೇ, ಅಳತೆ ಮಾತ್ರ ಬೇರೆ.

1035ರ ಮೂಲ ಹುಡುಕಿದರೆ ಐರ್ಲೆಂಡಿನ ಹ್ಯಾರಿ ಫರ್ಗುಸನ್ ತನಕ ಹೋಗುತ್ತದೆ. ಉಪಕರಣವನ್ನು ಟ್ರ್ಯಾಕ್ಟರಿನ ಹಿಂದೆ ಸರಪಳಿ ಕಟ್ಟಿ ಎಳೆಯುವ ಬದಲು ಮೂರು ಕಡೆ ಸಿಗಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಪದ್ಧತಿ ರೂಢಿಗೆ ತಂದವನು ಆತ. ನಮ್ಮ ದೇಶದಲ್ಲಿ ಟಾಫೆ ಕಂಪನಿ 1960ರಲ್ಲಿ ಮದ್ರಾಸಿನಲ್ಲಿ ಶುರುವಾಗಿ ಮ್ಯಾಸಿ ಫರ್ಗುಸನ್ ಗಾಡಿಗಳನ್ನು ಮಾಡಿತು. ಎಚ್‌ಎಂಟಿಯವರು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕ್ ದೇಶದ ಜೆಟರ್ ಮಾದರಿಯ 25 ಎಚ್‌ಪಿ ಗಾಡಿ ಹೊರಡಿಸಿದರು. ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಎಚ್‌ಎಂಟಿ ಇದ್ದವರು ಸಿಕ್ಕ ಒರಿಜಿನಲ್ ಬಿಡಿಭಾಗ ಒಂದೆರಡು ಹೆಚ್ಚಿಗೆ ತೆಗೆದಿಟ್ಟುಕೊಂಡರೆ ಒಳ್ಳೆಯದು.

ಕಸುವು ಏರಿಸುವ ಆಸೆ

ಗಾಡಿ ಸುಧಾರಿಸಬೇಕು ಅಂದ ಕೂಡಲೇ ಹುಡುಗರ ಬಾಯಲ್ಲಿ ಬರುವ ಮೊದಲ ಮಾತು, "ಕಾಕಾ, ಪಂಪ್ ಸ್ವಲ್ಪ ಏರಿಸೋಣೇನ್ರಿ?" ಡೀಸೆಲ್ ಪಂಪಿನ ಸೀಲು ಒಡೆದು ತಿರುಪು ತಿರುವಿದರೆ ಹೆಚ್ಚು ಡೀಸೆಲ್ ಹೋಗುತ್ತದೆ, ಹೊಗೆ ಕಪ್ಪಗೆ ಬರುತ್ತದೆ, ಗಾಡಿ ಗುಡುಗುತ್ತದೆ. ಕಸುವು ಬಂತು ಎಂದು ತಿಳಿಯುತ್ತಾರೆ. ಇದರ ಲೆಕ್ಕ ನೋಡ್ರಿ.

1035ರ ಮೂರು ಸಿಲಿಂಡರ್ ಸೇರಿ ಸುಮಾರು 2.4 ಲೀಟರ್. ಎಂಜಿನ್ ಎರಡು ಸುತ್ತು ತಿರುಗಿದಾಗ ಅಷ್ಟು ಗಾಳಿ ಒಂದು ಸಲ ಒಳಗೆ ಹೋಗುತ್ತದೆ. ನಿಮಿಷಕ್ಕೆ 2000 ಸುತ್ತು ಇದ್ದರೆ 1000 ಸಲ, ಅಂದರೆ 2400 ಲೀಟರ್ ಗಾಳಿ. ತೂಕದಲ್ಲಿ ಮೂರು ಕಿಲೋ ಒಳಗೇ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು 14 ಕಿಲೋ ಮೇಲೆ ಗಾಳಿ ಬೇಕು, ಡೀಸೆಲ್ ಎಂಜಿನ್ ಚೊಕ್ಕ ಉರಿಯಬೇಕಾದರೆ ಇನ್ನೂ ಹೆಚ್ಚು ಬೇಕು. ಸಿಲಿಂಡರ್ ದೊಡ್ಡದಾಗಲಿಲ್ಲ, ಗಾಳಿ ಹೆಚ್ಚು ತುಂಬುವ ಟರ್ಬೊ ಇಲ್ಲ. ಹಾಗಿದ್ದಾಗ ಹೆಚ್ಚಿಗೆ ಹೋದ ಡೀಸೆಲ್ ಅರೆ ಉರಿದು ಹೊಗೆಯಾಗಿ ಹೊರಗೆ ಬರುತ್ತದೆ. ಒಲೆಗೆ ಗಾಳಿ ಇಲ್ಲದೆ ಕಟ್ಟಿಗೆ ತುರುಕಿದಂತೆ. ಸ್ವಲ್ಪ ಕಸುವು ಏರಬಹುದು. ಆದರೆ ಶಾಖ ಅದಕ್ಕಿಂತ ಹೆಚ್ಚು ಏರಿ ಪಿಸ್ಟನ್, ವಾಲ್ವು, ಹೆಡ್ ಗ್ಯಾಸ್ಕೆಟ್ ಮೊದಲು ಹೋಗುತ್ತವೆ. ನಂತರ ಕ್ಲಚ್ಚು, ಗೇರು. ಅವೆಲ್ಲ 35 ಎಚ್‌ಪಿಗೆ ಅಳೆದು ಮಾಡಿದ ಸಾಮಾನು.

ಟ್ರ್ಯಾಕ್ಟರ್ ಜಗ್ಗಾಟ, ಕಸರತ್ತು ಎಂದು ಗಾಡಿಯ ಮೂಗು ಮೇಲೆ ಎಬ್ಬಿಸುವ ಹುಚ್ಚು ಉತ್ತರದ ಕಡೆ ಬಹಳ. ಪಂಜಾಬಿನಲ್ಲಿ 2023ರ ಅಕ್ಟೋಬರಿನಲ್ಲಿ ಇಂಥ ಕಸರತ್ತು ತೋರಿಸುತ್ತಿದ್ದ ಯುವಕನೊಬ್ಬ ತನ್ನ ಟ್ರ್ಯಾಕ್ಟರಿನ ಅಡಿಗೇ ಸಿಕ್ಕು ಸತ್ತ. ಆಮೇಲೆ ಅಲ್ಲಿಯ ಸರ್ಕಾರ ಅದನ್ನು ನಿಷೇಧಿಸಿತು. ವಿಡಿಯೋ ನೋಡಿ ನಮ್ಮ ಕಡೆ ಹುಡುಗರೂ ಕಲಿಯುತ್ತಿದ್ದಾರೆ. ಇಲ್ಲಿ ಒಂದು ತಾಂತ್ರಿಕ ಸಂಗತಿ ತಿಳಿದಿರಬೇಕು. ಭಾರವನ್ನು ಯಾವಾಗಲೂ ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಹಗ್ಗ, ಸರಪಳಿ ಕಟ್ಟಿ ಬೇರು, ಬೊಡ್ಡೆ ಜಗ್ಗಿದರೆ ಗಾಡಿ ಹಿಂದಿನ ಅಚ್ಚಿನ ಮೇಲೆ ತಿರುಗಿ ಹಿಮ್ಮುಖ ಬೀಳುತ್ತದೆ. ಅದಕ್ಕೆ ಬೇಕಾಗುವ ಹೊತ್ತು ಒಂದೆರಡು ಸೆಕೆಂಡ್ ಅಷ್ಟೇ, ಕ್ಲಚ್ ತುಳಿಯಲು ಪುರಸತ್ತು ಸಿಗುವುದಿಲ್ಲ.

ಅಮೆರಿಕದಲ್ಲಿ ಹಳೆಯ ಕಸುವಿನ ಕಾರುಗಳನ್ನು ಮನೆಯ ಶೆಡ್ಡಿನಲ್ಲೇ ಬಿಚ್ಚಿ ಸುಧಾರಿಸುವ ಹವ್ಯಾಸ ದೊಡ್ಡದು. 1964ರ ಪಾಂಟಿಯಾಕ್ ಜಿಟಿಒ ಎಂಬ ಕಾರಿಗೆ 6.4 ಲೀಟರಿನ ಎಂಜಿನ್, 325 ಎಚ್‌ಪಿ, ಆದರೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು! ಓಡುವ ಕಸುವು ಕೊಟ್ಟರು, ನಿಲ್ಲುವ ಕಸುವು ಕೊಡಲಿಲ್ಲ. ಇಂಥ ಕಾರು ಇಟ್ಟುಕೊಂಡ ತಿಳಿವಳಿಕೆಯವರು ಎಂಜಿನ್ ಮುಟ್ಟುವ ಮೊದಲು ಬ್ರೇಕು ಬದಲಿಸುತ್ತಾರೆ. ನಮಗೂ ಅದೇ ಸರಿಯಾದ ಕ್ರಮ.

ಮೊದಲು ಬ್ರೇಕು

ಗಂಟೆಗೆ 20 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತದೆ. ಕಾಲು ಎತ್ತಿ ಬ್ರೇಕಿನ ಮೇಲೆ ಇಡುವುದರೊಳಗೇ ಅಷ್ಟು ದೂರ ಹೋಯಿತು. ವೇಗ ಎರಡು ಪಟ್ಟಾದರೆ ನಿಲ್ಲಿಸಲು ಬೇಕಾಗುವ ಶಕ್ತಿ ನಾಲ್ಕು ಪಟ್ಟು. ನಮ್ಮ ಟ್ರೇಲರುಗಳಲ್ಲಿ ಬಹುತೇಕಕ್ಕೆ ಬ್ರೇಕೇ ಇರುವುದಿಲ್ಲ, ಇದ್ದರೂ ಹಚ್ಚಿರುವುದಿಲ್ಲ. ಅಂದರೆ ಗಾಡಿ, ಟ್ರೇಲರು, ಮಾಲು ಸೇರಿ ಆರೇಳು ಟನ್ ಭಾರವನ್ನು ಟ್ರ್ಯಾಕ್ಟರಿನ ಹಿಂದಿನ ಎರಡು ಡ್ರಮ್ಮುಗಳೇ ತಡೆಯಬೇಕು. ತಡಸ ಕ್ರಾಸಿನಲ್ಲಿ ಹೆದ್ದಾರಿ ದಾಟುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಡ್ರಮ್ ಬ್ರೇಕಿನ ಹಳೆ ಗಾಡಿಯಲ್ಲಿ ಲೈನಿಂಗ್ ಬದಲಿಸುವುದು ಮನೆಯಲ್ಲಿ ಆಗುವ ಕೆಲಸ. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ. ಮುಂದಿನ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವೆ ಒಂದೇ ಕೀಲಿನ ಮೇಲೆ ಆಡುತ್ತದೆ ಎಂಬುದು ನೆನಪಿರಲಿ. ಹಿಂದೆ ಒಂದು ಕಡೆ ಎತ್ತಿದರೆ ಗಾಡಿ ಪಕ್ಕಕ್ಕೆ ವಾಲಬಹುದು. ಅದಕ್ಕೆ ಮುಂದಿನ ಅಚ್ಚಿಗೂ ಅದರ ಮೇಲಿನ ಮೈಗೂ ನಡುವೆ ಎರಡೂ ಬದಿ ಕಟ್ಟಿಗೆಯ ಬೆಣೆ ಬಿಗಿಯಾಗಿ ಬಡಿಯಬೇಕು. ಜಾಕು ಹಾಕಿ ಎತ್ತಿದ ಮೇಲೆ ಅಚ್ಚಿನ ಕೆಳಗೆ ದಪ್ಪ ಕಟ್ಟಿಗೆ ದಿಮ್ಮಿ ಇಟ್ಟು, ಭಾರ ದಿಮ್ಮಿಯ ಮೇಲೆ ಕೂರಿಸಿ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬಾರದು. ಇಟ್ಟಂಗಿ ಅಥವಾ ಸಿಮೆಂಟ್ ಬ್ಲಾಕ್ ಇಡುವವರಿದ್ದಾರೆ, ಅವು ಹೇಳದೆ ಕೇಳದೆ ಪುಡಿಯಾಗುತ್ತವೆ. ಹಿಂದಿನ ಗಾಲಿಯಲ್ಲಿ ನೀರು ತುಂಬಿದ್ದರೆ ಗಾಲಿಯ ತೂಕ ಎರಡು ಕ್ವಿಂಟಲ್ ದಾಟುತ್ತದೆ. ಇಬ್ಬರಿಲ್ಲದೆ ಬಿಚ್ಚಬೇಡಿ.

ಡ್ರಮ್ ತೆಗೆದಾಗ ಒಳಗೆ ಎಣ್ಣೆಯ ಪಸೆ ಕಂಡರೆ ಲೈನಿಂಗ್ ಹಾಕಿ ಪ್ರಯೋಜನ ಇಲ್ಲ. ಅಚ್ಚಿನ ಎಣ್ಣೆ ಸೀಲು ಹೋಗಿದೆ ಎಂದು ಅರ್ಥ. ಮೊದಲು ಸೀಲು, ಆಮೇಲೆ ಲೈನಿಂಗ್. ಎಣ್ಣೆ ಕುಡಿದ ಹಳೆ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವ ರೂಢಿ ಇದೆ. ಎರಡು ದಿನ ಹಿಡಿದಂತೆ ಮಾಡಿ ಮತ್ತೆ ಜಾರುತ್ತದೆ. ಡ್ರಮ್ಮಿನೊಳಗೆ ಬೆರಳು ಆಡಿಸಿದಾಗ ಅಂಚಿನಲ್ಲಿ ಮೆಟ್ಟಿಲಿನಂತೆ ತಡೆದರೆ ಲೇಥಿಗೆ ಒಯ್ದು ಒಳಮೈ ಸಮ ಮಾಡಿಸಿ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬಾರದು, ಗಾಳಿ ಪಂಪೂ ಹಚ್ಚಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಪುಪ್ಪುಸಕ್ಕೆ ಹೋದರೆ ವರ್ಷಗಳ ಮೇಲೆ ರೋಗ ತರುತ್ತದೆ. ಹಸಿ ಅರಿವೆಯಿಂದ ಒರೆಸಿ, ಆ ಅರಿವೆಯನ್ನು ಹೂತುಬಿಡಿ.

ಹಾಕುವಾಗ ಎರಡೂ ಬದಿ ಒಟ್ಟಿಗೇ ಹೊಸದು ಹಾಕಬೇಕು. ನಂತರ ಹೊಂದಿಸುವುದು ಮುಖ್ಯ. ಎರಡೂ ಪೆಡಲುಗಳ ಪಟ್ಟಿ ಸಿಗಿಸಿ, ಬಯಲು ಹೊಲದಲ್ಲಿ ಓಡಿಸಿ ಒಮ್ಮೆಲೇ ತುಳಿಯಿರಿ. ಇಳಿದು ಮಣ್ಣಿನ ಮೇಲಿನ ಗೆರೆ ನೋಡಿ. ಎಡಗೆರೆ ಉದ್ದ, ಬಲಗೆರೆ ಗಿಡ್ಡ ಇದ್ದರೆ ಎಡಗಡೆಯದು ಮೊದಲು ಹಿಡಿಯುತ್ತಿದೆ. ಎರಡೂ ಸಮ ಆಗುವ ತನಕ ಹೊಂದಿಸಬೇಕು. ಹೊಲದಲ್ಲಿ ತಿರುಗಲು ಒಂದೊಂದೇ ಪೆಡಲ್ ಬೇಕು ಸರಿ, ರಸ್ತೆಗೆ ಬಂದ ಕೂಡಲೇ ಪಟ್ಟಿ ಸಿಗಿಸಬೇಕು. ಭಾರದ ಟ್ರೇಲರ್ ಹಿಂದಿರುವಾಗ ಒಂದೇ ಪೆಡಲ್ ತುಳಿದರೆ ಗಾಡಿ ಅಡ್ಡ ತಿರುಗಿ ಟ್ರೇಲರ್ ಮೈಮೇಲೆ ಬರುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿಗೂ ಇದೇ ಗತಿ. ಏರು ಹತ್ತಿದ ಗೇರಿನಲ್ಲೇ ಇಳಿಯಬೇಕು.

ಈಚಿನ ಗಾಡಿಗಳಲ್ಲಿ ಎಣ್ಣೆಯಲ್ಲಿ ಮುಳುಗಿದ ಡಿಸ್ಕ್ ಬ್ರೇಕು ಬರುತ್ತದೆ. ಧೂಳು, ಕೆಸರು ತಾಗುವುದಿಲ್ಲ, ಬಹಳ ಬಾಳುತ್ತದೆ. ಹಳೆ ಗಾಡಿಗೂ ಹಾಕಿಕೊಡುತ್ತೇವೆ ಎನ್ನುವ ಗ್ಯಾರೇಜುಗಳಿವೆ. ಅಚ್ಚಿನ ಭಾಗವನ್ನೇ ಬದಲಿಸುವ ಕೆಲಸ ಅದು, ಅಂಗಳದಲ್ಲಿ ಆಗುವುದಲ್ಲ. ನನ್ನ ಮಟ್ಟಿಗೆ, ಸರಿಯಾಗಿ ಹೊಂದಿಸಿದ ಡ್ರಮ್ ಬ್ರೇಕು ಜೊತೆಗೆ ಟ್ರೇಲರಿಗೆ ಒಂದು ಬ್ರೇಕು, ಇವೆರಡು ಇದ್ದರೆ ಸಣ್ಣ ರೈತನಿಗೆ ಸಾಕು.

ಸ್ಟೇರಿಂಗ್

ಪವರ್ ಸ್ಟೇರಿಂಗ್ ಕಿಟ್ ಈಗ ಹಳೆ ಗಾಡಿಗೂ ಸಿಗುತ್ತದೆ. ಪಂಪು, ಎಣ್ಣೆ ಡಬ್ಬಿ, ಸಿಲಿಂಡರು, ಪೈಪುಗಳು ಬರುತ್ತವೆ. ವಯಸ್ಸಾದವರ ತೋಳಿಗೆ ದೊಡ್ಡ ಉಪಕಾರ. ಆದರೆ ಹಾಕುವ ಮೊದಲು ಹಳೆಯ ಸಡಿಲು ತೆಗೆಯಬೇಕು. ಒಬ್ಬರು ಸ್ಟೇರಿಂಗ್ ಅತ್ತ ಇತ್ತ ಅಲುಗಾಡಿಸಲಿ, ಇನ್ನೊಬ್ಬರು ಕೆಳಗೆ ಕೂತು ರಾಡಿನ ಬಾಲ್ ಜಾಯಿಂಟ್, ಕಿಂಗ್ ಪಿನ್ ಬುಶ್ ನೋಡಲಿ. ಯಾವ ಕೀಲು ಆಡುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಪವರ್ ಸ್ಟೇರಿಂಗ್ ಬಂದ ಮೇಲೆ ಈ ಸಡಿಲು ಕೈಗೆ ತಿಳಿಯುವುದಿಲ್ಲ, ಜಾಯಿಂಟ್ ಕಳಚಿದಾಗಲೇ ತಿಳಿಯುವುದು. ಸ್ಟೇರಿಂಗಿನ ಯಾವ ರಾಡಿಗೂ ವೆಲ್ಡಿಂಗ್ ಮಾಡಿಸಬೇಡಿ. ಬಾಗಿದರೆ, ಬಿರುಕು ಬಿಟ್ಟರೆ ಹೊಸದೇ ಹಾಕಬೇಕು.

ಗಾಳಿ ಮತ್ತು ನೀರು

ಮೇಲೆ ಹೇಳಿದ 2400 ಲೀಟರ್ ಗಾಳಿಯ ಲೆಕ್ಕ ಇಲ್ಲಿ ಮತ್ತೆ ಬರುತ್ತದೆ. 5000 ಲೀಟರಿನ ನೀರಿನ ಟ್ಯಾಂಕರ್ ನೀವು ನೋಡಿದ್ದೀರಿ. ಅಷ್ಟು ಗಾಳಿಯನ್ನು ಎಂಜಿನ್ ಎರಡೇ ನಿಮಿಷದಲ್ಲಿ ಸೇದುತ್ತದೆ. ಮಸಾರಿ ಹೊಲದಲ್ಲಿ ಬೇಸಿಗೆಯ ರೋಟಾವೇಟರ್ ಹೊಡೆಯುವಾಗ ಆ ಗಾಳಿ ಹೇಗಿರುತ್ತದೆ ಗೊತ್ತೇ ಇದೆ. ಹಳೆ ಗಾಡಿ ಎಣ್ಣೆ ಕುಡಿಯಲು, ಕಸುವು ಕಳೆದುಕೊಳ್ಳಲು ವಯಸ್ಸಿಗಿಂತ ಧೂಳೇ ಹೆಚ್ಚು ಕಾರಣ. ಕಣ್ಣಿಗೆ ಕಾಣದ ಮರಳು ರಿಂಗಿಗೂ ಲೈನರಿಗೂ ನಡುವೆ ಸಾಣೆಯಂತೆ ತೇಯುತ್ತದೆ.

ಹಳೆ ಗಾಡಿಗೆ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಗಾಳಿ ಕೆಳಗಿಳಿದು ಎಣ್ಣೆಗೆ ಬಡಿದು ಸರಕ್ಕನೆ ಮೇಲೆ ತಿರುಗುತ್ತದೆ, ಭಾರದ ಧೂಳು ತಿರುಗಲಾರದೆ ಎಣ್ಣೆಯಲ್ಲಿ ಬೀಳುತ್ತದೆ. ಒಳ್ಳೆಯ ಸಾಧನ, ತೆಗೆದು ಬಿಸಾಕಬೇಡಿ. ಬಟ್ಟಲನ್ನು ಧೂಳಿನ ಹಂಗಾಮಿನಲ್ಲಿ ದಿನಾ ಬಿಚ್ಚಿ ನೋಡಬೇಕು. ತಳದಲ್ಲಿ ರಾಡಿ ಕುಂತಿದ್ದರೆ ತೊಳೆದು ಹೊಸ ಎಣ್ಣೆ ಹಾಕಿ. ಗುರುತಿನ ಗೆರೆ ಮೀರಿ ಎಣ್ಣೆ ಹಾಕಿದರೆ ಎಂಜಿನ್ ಅದನ್ನೇ ಸೇದಿಕೊಂಡು, ನಿಲ್ಲಿಸಿದರೂ ನಿಲ್ಲದೆ ಓಡುತ್ತದೆ. ಇದರ ಮೇಲೆ ಕೂರಿಸುವ ಪ್ರಿ-ಕ್ಲೀನರ್ ಎಂಬ ಸಣ್ಣ ಬಟ್ಟಲು ಸಿಗುತ್ತದೆ. ಅಗ್ಗದ್ದು. ದಪ್ಪ ಧೂಳು, ಹೊಟ್ಟು ಅಲ್ಲೇ ಬೀಳುತ್ತದೆ. ರಾಶಿ ಮಾಡುವವರಿಗೆ ಇದಕ್ಕಿಂತ ಕಡಿಮೆ ದುಡ್ಡಿನ ಸುಧಾರಣೆ ಇನ್ನೊಂದಿಲ್ಲ.

ಒಂದು ಪರೀಕ್ಷೆ. ಎಂಜಿನನ್ನು ಸಣ್ಣಗೆ ಓಡಲು ಬಿಟ್ಟು ಏರ್ ಕ್ಲೀನರಿನ ಬಾಯಿಗೆ ಚಪ್ಪಟೆ ಹಲಗೆ ಒತ್ತಿ ಹಿಡಿಯಿರಿ. ಅರಿವೆ ಹಿಡಿಯಬೇಡಿ, ಒಳಗೆ ಎಳೆದುಕೊಳ್ಳುತ್ತದೆ. ಎಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ನಡುವಿನ ರಬ್ಬರ್ ಪೈಪು ಸೀಳಿದೆ ಅಥವಾ ಕ್ಲಿಪ್ ಸಡಿಲಿದೆ. ಏರ್ ಕ್ಲೀನರ್ ತಪ್ಪಿಸಿ ಧೂಳಿನ ಗಾಳಿ ನೇರ ಹೋಗುತ್ತಿದೆ. ಸಣ್ಣ ಪೈಪಿನ ಅಸಡ್ಡೆಗೆ ಇಡೀ ಎಂಜಿನ್ ಬೋರಿಂಗಿಗೆ ಬರುತ್ತದೆ.

ನೀರಿನ ವಿಷಯ ಎರಡು ಮಾತು. ಗಾಡಿ ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ನಮ್ಮ ಕಡೆ ಸಾಮಾನ್ಯ. ಅದು ಸುಮಾರು 80 ಡಿಗ್ರಿ ತನಕ ನೀರನ್ನು ಎಂಜಿನಿನೊಳಗೇ ತಡೆದು ಬೇಗ ಬಿಸಿ ಮಾಡುವ ಕೀಲು. ಇಲ್ಲದಿದ್ದರೆ ಎಂಜಿನ್ ಯಾವಾಗಲೂ ಅರೆಬಿಸಿಯಲ್ಲಿ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ರಿಂಗು ಸವೆಯುತ್ತದೆ. ಬಿಸಿಯಾಗಲು ಬೇರೆ ಕಾರಣ ಇರುತ್ತದೆ. ರೇಡಿಯೇಟರಿನ ಎಸಳುಗಳಲ್ಲಿ ಹೊಟ್ಟು, ಸಡಿಲು ಬೆಲ್ಟು, ಒಳಗೆ ಕಟ್ಟಿದ ಉಪ್ಪು. ನಮ್ಮ ಬೋರಿನ ಗಡಸು ನೀರು ಚಹಾ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆ ಎಂಜಿನಿನಲ್ಲೂ ಕಟ್ಟುತ್ತದೆ. ಮೊದಲ ಎರಡು ಮಳೆ ಬಿಟ್ಟು ಮಾಳಿಗೆಯಿಂದ ಹಿಡಿದ ಮಳೆ ನೀರು ಸೋಸಿಟ್ಟು, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಕೂಲಂಟ್ ಬೆರೆಸಿ ಹಾಕಿ. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದೆಂದು ಬೇರೆ ಹೇಳಬೇಕೆ?

ಡೈನಮೋ ತೆಗೆದು ಆಲ್ಟರ್ನೇಟರ್

ಮನೆಯಲ್ಲಿ ಒಂದು ದಿನದಲ್ಲಿ ಆಗುವ ಒಳ್ಳೆಯ ಸುಧಾರಣೆ ಇದು. ಖರ್ಚು ಒಂದು ಹಿಂದಿನ ಟೈರಿನ ಬೆಲೆಗಿಂತ ಬಹಳ ಕಡಿಮೆ. ಹಳೆಯ ಡೈನಮೋ ಹತ್ತು-ಹನ್ನೆರಡು ಆಂಪಿಯರ್ ಕೊಡುತ್ತದೆ, ಅದೂ ಎಂಜಿನ್ ಜೋರು ತಿರುಗಿದಾಗ. ಆಲ್ಟರ್ನೇಟರ್ 35 ಆಂಪಿಯರ್ ಹತ್ತಿರ ಕೊಡುತ್ತದೆ, ನಿಧಾನ ಓಡುವಾಗಲೂ ಚಾರ್ಜ್ ಮಾಡುತ್ತದೆ. ರಾತ್ರಿ ರಾಶಿ ಮಾಡುವವರಿಗೆ, ಎರಡು ಮೂರು ದೀಪ ಹಚ್ಚುವವರಿಗೆ ಬೇಕೇ ಬೇಕು. ಬರೀ ಸಂಜೆ ಊರಿಗೆ ಬರುವಷ್ಟು ದೀಪ ಸಾಕು ಅನ್ನುವವರು ಎಲ್‌ಇಡಿ ದೀಪ ಹಾಕಿ ಡೈನಮೋ ಹಾಗೇ ಬಿಟ್ಟರೂ ನಡೆಯುತ್ತದೆ.

ಮೊದಲು ಬ್ಯಾಟರಿ ನೋಡಿ. ಮೈನಸ್ ವೈರು ಗಾಡಿಯ ಮೈಗೆ ಕಟ್ಟಿದೆಯೋ, ಪ್ಲಸ್ ಕಟ್ಟಿದೆಯೋ? ಹಳೆಯ ಕೆಲವು ಗಾಡಿಗಳಲ್ಲಿ ಪ್ಲಸ್ಸೇ ಮೈಗೆ ಇರುತ್ತದೆ. ಸಾಮಾನ್ಯ ಆಲ್ಟರ್ನೇಟರಿಗೆ ಮೈನಸ್ ಮೈಗೆ ಇರಬೇಕು. ಉಲ್ಟಾ ಹಚ್ಚಿದರೆ ಒಳಗಿನ ಡಯೋಡು ಅದೇ ಕ್ಷಣ ಸುಡುತ್ತವೆ. ಪ್ಲಸ್ ಮೈಗೆ ಇದ್ದ ಗಾಡಿಯಾದರೆ ಬ್ಯಾಟರಿ ತಿರುಗಿಸಿ ಕೂರಿಸಿ, ಆಂಪಿಯರ್ ಮೀಟರಿನ ಎರಡು ವೈರು ಅದಲು ಬದಲು ಮಾಡಬೇಕು.

ಬ್ಯಾಟರಿಯ ಎರಡೂ ವೈರು ಬಿಚ್ಚಿದ ಮೇಲೆಯೇ ಕೆಲಸಕ್ಕೆ ಕೂಡಿ. ಡೈನಮೋ, ಅದರ ಕಟೌಟ್ ಡಬ್ಬಿ ಎರಡೂ ತೆಗೆಯಬೇಕು. ರೆಗ್ಯುಲೇಟರ್ ಒಳಗೇ ಇರುವ ಆಲ್ಟರ್ನೇಟರ್ ತೆಗೆದುಕೊಂಡರೆ ಕಟೌಟ್ ಬೇಡ. ಬ್ರಾಕೆಟ್ ಹೊಂದಿಸುವಾಗ ಮೂರೂ ಪುಲ್ಲಿಗಳ ಗಾಡಿ ಒಂದೇ ನೇರದಲ್ಲಿ ಬರಬೇಕು. ಉದ್ದನೆಯ ಪಟ್ಟಿ ಇಟ್ಟು ನೋಡಿ. ಒಂದು ಕಾಳಿನಷ್ಟು ಓರೆಯಾದರೂ ಬೆಲ್ಟು ತಿಂಗಳಲ್ಲಿ ಹರಿಯುತ್ತದೆ. ಬೆಲ್ಟನ್ನು ಹೆಬ್ಬೆರಳಿಂದ ಒತ್ತಿದರೆ 10-12 ಮಿ.ಮೀ. ತಗ್ಗಬೇಕು. ಹೆಚ್ಚು ಬಿಗಿದರೆ ನೀರಿನ ಪಂಪಿನ ಬೇರಿಂಗಿಗೆ ಪೆಟ್ಟು.

ದಪ್ಪ ವೈರಿನ ವಿಷಯದಲ್ಲಿ ಜುಗ್ಗತನ ಬೇಡ. ಹಳೆಯ ವೈರು ಹತ್ತು ಆಂಪಿಯರಿಗೆ ಹಾಕಿದ್ದು. ಅದರಲ್ಲೇ ಮೂವತ್ತು ಹರಿಸಿದರೆ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಆಲ್ಟರ್ನೇಟರಿನ ದೊಡ್ಡ ತಿರುಪಿನಿಂದ ಬ್ಯಾಟರಿ ಕಡೆಗೆ ಕನಿಷ್ಠ 6 ಚದರ ಮಿ.ಮೀ. ತಾಮ್ರದ ವೈರು, ನಡುವೆ ಒಂದು ಫ್ಯೂಸ್ ಹಾಕಿ. ಡ್ಯಾಶಿನ ಹಳೆ ಆಂಪಿಯರ್ ಮೀಟರ್ 20-30ರ ತನಕದ್ದಾದರೆ ಅದನ್ನು ಬಿಟ್ಟು ವೋಲ್ಟ್ ಮೀಟರ್ ಹಾಕುವುದು ಲೇಸು. ಸಣ್ಣ ವೈರು ಕೀಲಿಯಿಂದ ಒಂದು ಚಾರ್ಜ್ ದೀಪದ ಮೂಲಕ ಆಲ್ಟರ್ನೇಟರಿಗೆ ಬರುತ್ತದೆ. ಕೀಲಿ ತಿರುವಿದಾಗ ದೀಪ ಹತ್ತಿ, ಗಾಡಿ ಚಾಲೂ ಆದ ಮೇಲೆ ಆರಬೇಕು. ಆಗ ಬ್ಯಾಟರಿಯ ಮೇಲೆ ಮೀಟರ್ ಹಿಡಿದರೆ 13.8ರಿಂದ 14.4 ವೋಲ್ಟ್ ತೋರಿಸಿದರೆ ಕೆಲಸ ಸರಿ. 15 ದಾಟಿದರೆ ಬ್ಯಾಟರಿ ಕುದ್ದು ನೀರು ಆರುತ್ತದೆ.

ಡೈನಮೋ ಕಾಲದ ಒಂದು ರೂಢಿ ಬಿಡಬೇಕು. ಗಾಡಿ ಓಡುತ್ತಿರುವಾಗಲೇ ಬ್ಯಾಟರಿ ವೈರು ಕಿತ್ತು ಚಾರ್ಜ್ ನೋಡುವುದು ಆಲ್ಟರ್ನೇಟರಿಗೆ ನಡೆಯುವುದಿಲ್ಲ, ಡಯೋಡು ಹೋಗುತ್ತವೆ. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರು ಬಿಚ್ಚಿರಬೇಕು.

ಉಳಿದವು

ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಧೋತರದ ಚುಂಗು, ಸೀರೆ ಸೆರಗು ಒಂದು ಸಲ ಸುತ್ತಿದರೆ ಮನುಷ್ಯ ಎಳೆದು ಬಿಡಿಸಿಕೊಳ್ಳಲಾರ. ಶಾಫ್ಟಿಗೆ ಪ್ಲಾಸ್ಟಿಕ್ ಕೊಳವೆಯ ಕವಚ ಸಿಗುತ್ತದೆ, ಮೊದಲು ಹಾಕಿ. ಹಳೆ ಗಾಡಿಗಳಿಗೆ ಮಗುಚಿ ಬಿದ್ದಾಗ ಕಾಯುವ ಕಮಾನು ಇರುವುದಿಲ್ಲ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಅದನ್ನು ಕಡ್ಡಾಯ ಮಾಡಿತು, ಮುಂದೆ ಅಲ್ಲಿ ಮಗುಚಿ ಸಾಯುವವರು ಇಲ್ಲವೆಂಬಷ್ಟು ಕಡಿಮೆಯಾದರು. ಆದರೆ ಊರ ವೆಲ್ಡಿಂಗ್ ಅಂಗಡಿಯ ನೀರಿನ ಪೈಪಿನ ಕಮಾನನ್ನು ನಂಬಬೇಡಿ. ಅದು ನೆರಳಿಗೆ ತಾಡಪತ್ರಿ ಕಟ್ಟಲು ಮಾತ್ರ ಸರಿ. ನಿಮ್ಮ ಮಾದರಿಗೆ ಪರೀಕ್ಷೆ ಮಾಡಿ ತಯಾರಿಸಿದ್ದು ಸಿಕ್ಕರೆ ಹಾಕಿಸಿ, ಬೆಲ್ಟ್ ಸಮೇತ.

ಇಂಜೆಕ್ಟರ್, ಡೀಸೆಲ್ ಪಂಪು ಮನೆಯಲ್ಲಿ ಬಿಚ್ಚುವ ವಸ್ತುಗಳಲ್ಲ. ನಾಜಲ್ಲಿನ ಚಿಮ್ಮು ಚರ್ಮ ತೂರಿ ರಕ್ತಕ್ಕೆ ಹೋಗುವಷ್ಟು ಬಿರುಸು ಇರುತ್ತದೆ. ಹಾಗೆ ತಾಗಿದರೆ ಸಣ್ಣ ಗಾಯವೆಂದು ಬಿಡದೆ ತಕ್ಷಣ ದವಾಖಾನೆಗೆ ಹೋಗಬೇಕು. ಪಂಪನ್ನು ಕ್ಯಾಲಿಬ್ರೇಶನ್ ಅಂಗಡಿಗೆ ಕೊಟ್ಟು ಕಂಪನಿ ಅಳತೆಗೇ ಹೊಂದಿಸಿ, ಸೀಲು ಹಾಕಿಸಿಕೊಂಡು ಬನ್ನಿ. ಕಳೆದುಹೋದ ಕಸುವು ಮರಳಿ ಬರುವುದು ಬಹಳ ಸಲ ಇಲ್ಲಿಂದಲೇ. ಡಬಲ್ ಕ್ಲಚ್ಚಿಗೆ ಬದಲಿಸಲು ಗಾಡಿಯನ್ನು ನಡುವೆ ಎರಡು ಹೋಳು ಮಾಡಬೇಕು, ಅದೂ ಮಿಸ್ತ್ರಿಯ ಕೆಲಸ.

ಕಾನೂನಿನ ಮಾತೂ ತಿಳಿದಿರಲಿ. ನೋಂದಣಿ ಪುಸ್ತಕದಲ್ಲಿ ಬರೆದದ್ದಕ್ಕೆ, ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಆಗುವಂತೆ ವಾಹನ ಬದಲಿಸಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸವೆದ ಭಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕುವುದು ದುರಸ್ತಿ. ಬೇರೆ ಎಂಜಿನ್ ಕೂರಿಸುವುದು, ಚಾಸಿ ಕತ್ತರಿಸುವುದು ದುರಸ್ತಿಯಲ್ಲ. ಅಂಥದ್ದಕ್ಕೆ ಮೊದಲೇ ಆರ್‌ಟಿಒ ಒಪ್ಪಿಗೆ ಬೇಕು, ವಿಮೆಯವರಿಗೂ ತಿಳಿಸಿರಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಅದೇ ದಾರಿ ಆಗುತ್ತದೆ.

ಈ ಎಲ್ಲ ಕೆಲಸಕ್ಕೆ ಹಿಂಗಾರಿ ರಾಶಿ ಮುಗಿದು ರೋಹಿಣಿ ಮಳೆ ಬರುವ ನಡುವಿನ ಹೊತ್ತು ಅನುಕೂಲ. ಬ್ರೇಕಿನ ಸೀಲು, ಲೈನಿಂಗು, ಬೆಲ್ಟು ಎಲ್ಲ ತಂದಿಟ್ಟುಕೊಂಡ ಮೇಲೆ ಬಿಚ್ಚಿ. ಮೇ ತಿಂಗಳ ಕಡೆಯ ವಾರದಲ್ಲಿ ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲರೂ ಒಮ್ಮೆಲೇ ನಿಂತಿರುತ್ತಾರೆ, ಬೇಕಾದ ಅಳತೆಯದೊಂದೇ ಸಿಗುವುದಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಒಂದೊಂದು ಭಾಗದ್ದು ಒಂದೊಂದು ಡಬ್ಬಿಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿಡಿ.